ನಮ್ಮ ಟಿಡಿ ಮೇಡಂಗೆ, ರಾತ್ರಿ ಪಾಳಿ ಮುಗಿಸಿ ಬರೆದ ಪತ್ರ

ಮಾನ್ಯ ಮೇಡಂ,

ನಮಸ್ಕಾರ. ಇಲ್ಲಿ ಎಲ್ಲರೂ ನಿಮ್ಮನ್ನು ಹೆಸರು ಹಿಡಿದೇ ಕರೆಯುತ್ತಾರೆ, ಬಸ್ ಸ್ಟಾಪಿನ ಹುಡುಗರೂ ಸೇರಿ. ನಾಲ್ಕು ವರ್ಷವಾದರೂ ನನಗೆ ಬಾಯಿ ಬರುತ್ತಿಲ್ಲ. ಅದಕ್ಕೇ ಮೇಡಂ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹಾಸನದ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿದೆ. ಈಗ ಐರ್ಲೆಂಡಿನ ಡಬ್ಲಿನ್ನಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿದ್ದೇನೆ. ನಿಮಗೆ ವೋಟು ಹಾಕಿದವಳಲ್ಲ, ಹಾಕುವ ಹಕ್ಕೇ ನನಗಿಲ್ಲ. 2024ರ ಜೂನ್‌ನಲ್ಲಿ ಕೌನ್ಸಿಲ್ ಚುನಾವಣೆಗೆ ವೋಟು ಹಾಕಿದೆ, ಏಕೆಂದರೆ ಅದಕ್ಕೆ ಇಲ್ಲಿ ವಾಸವಿದ್ದರೆ ಸಾಕು. ಅದೇ ವರ್ಷ ನವೆಂಬರ್ 29ಕ್ಕೆ ಡಾಯ್ಲ್ ಚುನಾವಣೆ ನಡೆದಾಗ ಮನೆಯಲ್ಲಿ ಕೂತು ಟಿವಿ ನೋಡಿದೆ. ಆದರೂ ನಿಮ್ಮ ಶನಿವಾರದ ಕ್ಲಿನಿಕ್‌ಗೆ ಬಂದಾಗ ನೀವು ವೋಟು ಇದೆಯಾ ಅಂತ ಕೇಳಲಿಲ್ಲ. ಟೀ ಕುಡೀತೀರಾ ಅಂತ ಕೇಳಿದಿರಿ.

(ಊರಿನವರಿಗೆ ಒಂದು ಮಾತು. ಇಲ್ಲಿನ ಸಂಸತ್ತಿನ ಕೆಳಮನೆಯೇ ಡಾಯ್ಲ್. ಅದರ ಸದಸ್ಯರು ಟಿಡಿ. ಅವರು ಕ್ಷೇತ್ರದ ಜನರ ಅಹವಾಲು ಕೇಳಲು ಕೂರುವುದಕ್ಕೆ ಕ್ಲಿನಿಕ್ ಅಂತಾರೆ. ಮೊದಲ ಸಲ ಬೋರ್ಡ್ ನೋಡಿದಾಗ ಇವರು ಡಾಕ್ಟರೂ ಹೌದೇನೋ ಅಂದುಕೊಂಡಿದ್ದೆ.)

ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಇಂಗ್ಲಿಷ್ ಪ್ರತಿ ಬೇರೆ ಬರುತ್ತದೆ. ನೀವು ಸದನದಲ್ಲಿ ಕೇಳುವ ಪ್ರಶ್ನೆಗಳಲ್ಲಿ ತಮ್ಮ ಬದುಕೂ ಇದೆ ಅಂತ ಇಲ್ಲಿರುವ ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಅವರೂ ಓದಲಿ ಅಂತ.

ರಜೆಯ ದಿನ ನಿಮ್ಮ ಪ್ರಶ್ನೆಗಳನ್ನು ಓದುವ ಚಟ ನನಗೆ ಹತ್ತಿದೆ. ಎಲ್ಲ ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆಸ್ಪತ್ರೆ, ಮನೆ, ವಿದೇಶಾಂಗ ಅಂತ ನಿಮ್ಮ ಪ್ರಶ್ನೆಗಳಲ್ಲಿ ಮೂರು ಗುಂಪು. ಮೂರಕ್ಕೂ ಬೇರೆ ಬೇರೆ ಮಂತ್ರಿ, ಬೇರೆ ಬೇರೆ ದಿನ. ನನ್ನ ಪಾಳಿಯಲ್ಲಿ ಮಾತ್ರ ಮೊದಲ ಎರಡು ಒಂದೇ ಟ್ರಾಲಿಯ ಮೇಲೆ ಬರುತ್ತವೆ.

ಹೋದ ಚಳಿಗಾಲದ ಒಂದು ರಾತ್ರಿ ಹೇಳುತ್ತೇನೆ. ನಮ್ಮ ಕಾರಿಡಾರಿನ ಗೋಡೆಗೆ ಎ4 ಹಾಳೆಯಲ್ಲಿ ನಂಬರ್ ಬರೆದು ಟೇಪ್ ಅಂಟಿಸಿದ್ದೇವೆ. ಅವೇ ಅಲ್ಲಿನ 'ಬೆಡ್'ಗಳು. ಏಳನೇ ನಂಬರಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ. ತನ್ನ ಕೋಟನ್ನೇ ಮಡಚಿ ತಲೆಗೆ ಇಟ್ಟುಕೊಂಡಿದ್ದರು. ಮೂತ್ರಕ್ಕೆ ಹೋಗಬೇಕು ಅನ್ನೋದನ್ನ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು, ಏಕೆಂದರೆ ಎದುರಿನ ಟ್ರಾಲಿಯಲ್ಲಿ ಒಬ್ಬ ಹುಡುಗಿ ಎದ್ದು ಕೂತಿದ್ದಳು. ಮೇಲಿನ ವಾರ್ಡಿನಲ್ಲಿ ಜಾಗ ಇಲ್ಲ. ಯಾಕಿಲ್ಲ? ಅಲ್ಲಿ ಚಿಕಿತ್ಸೆ ಮುಗಿದವರೂ ಮಲಗಿದ್ದಾರೆ. ಮನೆಗೆ ಹೋಗಲು ಅವರು ತಯಾರು. ಮನೆಯಲ್ಲಿ ನೋಡಿಕೊಳ್ಳಲು ದಿನಕ್ಕೆ ಇಷ್ಟು ಗಂಟೆ ಅಂತ ಮಂಜೂರೂ ಆಗಿದೆ, ಆದರೆ ಆ ಗಂಟೆಗಳನ್ನು ತುಂಬುವ ಕೇರರ್ ಇಲ್ಲ. ಕೇರರ್ ಯಾಕಿಲ್ಲ? ಆ ಸಂಬಳದಲ್ಲಿ ಡಬ್ಲಿನ್ನಿನಲ್ಲಿ ಬಾಡಿಗೆ ಕಟ್ಟಲು ಆಗುವುದಿಲ್ಲ.

ಈಗ ಹೇಳಿ ಮೇಡಂ, ಈ ಅಜ್ಜನ ಪ್ರಶ್ನೆಯನ್ನು ಯಾವ ಮಂತ್ರಿಗೆ ಕೇಳುತ್ತೀರಿ?

ನಮ್ಮ ನರ್ಸುಗಳ ಸಂಘ ಐಎನ್‌ಎಂಒ ದಿನಾ ಬೆಳಿಗ್ಗೆ ದೇಶದ ಆಸ್ಪತ್ರೆಗಳಲ್ಲಿ ಬೆಡ್ ಸಿಗದೆ ಇರುವ ರೋಗಿಗಳನ್ನು ಎಣಿಸುತ್ತದೆ. 2023ರ ಒಂದೇ ವರ್ಷದಲ್ಲಿ ಆ ಲೆಕ್ಕ 1 ಲಕ್ಷ 20 ಸಾವಿರ ದಾಟಿತು. 2006ರಲ್ಲೇ ಆಗಿನ ಆರೋಗ್ಯ ಮಂತ್ರಿ ಮೇರಿ ಹಾರ್ನಿ ಇದನ್ನು ರಾಷ್ಟ್ರೀಯ ತುರ್ತು ಪರಿಸ್ಥಿತಿ ಅಂದಿದ್ದರು. ಇಷ್ಟು ವರ್ಷ ನಡೆದುಕೊಂಡು ಬಂದಿದ್ದನ್ನು ತುರ್ತು ಅಂತ ಹೇಗೆ ಕರೆಯುವುದೋ ನನಗೆ ತಿಳಿಯದು.

ಇದನ್ನೆಲ್ಲ ನೀವು ಕೇಳಿದ್ದೀರಿ. ಬರುವ ಉತ್ತರ ಮಾತ್ರ ನನಗೆ ಬಾಯಿಪಾಠ ಆಗಿಹೋಗಿದೆ. 'ಇದು ಸೇವೆಗೆ ಸಂಬಂಧಿಸಿದ ವಿಷಯ, ನಿಮಗೆ ನೇರವಾಗಿ ಉತ್ತರಿಸಲು ಎಚ್‌ಎಸ್‌ಇಗೆ ತಿಳಿಸಿದ್ದೇನೆ' ಅಂತ ಮಂತ್ರಿ. ಅಷ್ಟೇ. 2005ರಲ್ಲಿ ಎಚ್‌ಎಸ್‌ಇ ಶುರುವಾದ ಮೇಲೆ ಸರ್ಕಾರಿ ಆರೋಗ್ಯ ಸೇವೆ ನಡೆಸುವುದು ಅದರ ಕೆಲಸ, ನಿಜ. ಆದರೆ ದುಡ್ಡು ಕೊಡುವವರು, ನೀತಿ ಮಾಡುವವರು ಮಂತ್ರಿ ತಾನೇ? ನಮ್ಮ ಕರ್ನಾಟಕದ ವಿಧಾನಸಭೆಯಲ್ಲೂ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಇವೆ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅನ್ನೋ ಉತ್ತರ ಕೇಳಿಕೊಂಡೇ ಬೆಳೆದವಳು ನಾನು. ಐದು ಸಾವಿರ ಮೈಲಿ ದಾಟಿ ಬಂದರೂ ಅದರ ಅಣ್ಣ ಇಲ್ಲಿ ಕೂತಿದ್ದಾನೆ.

ನನ್ನ ಜೊತೆ ಒಂದೇ ವಿಮಾನದಲ್ಲಿ ಬಂದ ಗೆಳತಿ ಈಗ ಆಸ್ಟ್ರೇಲಿಯಾದಲ್ಲಿದ್ದಾಳೆ. ಸಂಬಳ ಕಾರಣ ಅಲ್ಲ, ಮನೆ. ಒಂದು ಭಾನುವಾರ ಇಬ್ಬರೂ ಬಾಡಿಗೆ ಮನೆ ನೋಡಲು ಹೋಗಿದ್ದೆವು. ಮೆಟ್ಟಿಲಿನಿಂದ ಬೀದಿಯ ತಿರುವಿನವರೆಗೆ ಸಾಲು. ಎಲ್ಲರ ಕೈಯಲ್ಲೂ ಫೈಲು. ಸಂಬಳದ ಚೀಟಿ, ಹಳೇ ಮಾಲೀಕರ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗಿತ್ತು. ಒಳಗೆ ಸಿಕ್ಕಿದ್ದು ನಾಲ್ಕು ನಿಮಿಷ. ಏಜೆಂಟ್ ನಗುತ್ತಾ ಫೈಲು ತೆಗೆದುಕೊಂಡ, ಆಮೇಲೆ ಒಂದು ಫೋನೂ ಇಲ್ಲ. ಅವಳು ಒಂದು ವರ್ಷ ಮೂವರ ಜೊತೆ ಒಂದೇ ಕೋಣೆಯಲ್ಲಿ ಮಲಗಿದಳು. ಅದರಲ್ಲಿ ಇಬ್ಬರು ಹಗಲು ಪಾಳಿ, ಇಬ್ಬರು ರಾತ್ರಿ ಪಾಳಿ. ಹಾಗಾಗಿ ಹೇಗೋ ನಡೆಯಿತು.

2022ರ ಜನಗಣತಿ ಪ್ರಕಾರ ಈ ದೇಶದಲ್ಲಿ 1,66,752 ಮನೆಗಳು ಖಾಲಿ ಇದ್ದವು. ಸರ್ಕಾರವೇ ನೇಮಿಸಿದ ವಸತಿ ಆಯೋಗ, ಅದೇ ಜನಗಣತಿಯ ಹೊತ್ತಿಗೆ 2,12,500ರಿಂದ 2,56,000ದಷ್ಟು ಮನೆಗಳ ಕೊರತೆ ಇತ್ತು ಅಂತ 2024ರಲ್ಲಿ ಹೇಳಿತು. ಅದೇ ವರ್ಷ ಚುನಾವಣೆಗೆ ಮುಂಚೆ, ಈ ಸಲ 40 ಸಾವಿರದ ಹತ್ತಿರ ಮನೆ ಮುಗಿಯುತ್ತವೆ ಅಂತ ಆಳುವವರು ಹೇಳುತ್ತಾ ಓಡಾಡಿದರು. ಚುನಾವಣೆ ಮುಗಿಯಿತು. ಲೆಕ್ಕ ಬಂತು: 30,330. 2025ರಲ್ಲಿ ತುರ್ತು ವಸತಿಯಲ್ಲಿರುವವರ ಸಂಖ್ಯೆ 16 ಸಾವಿರ ದಾಟಿತು, ಅದರಲ್ಲಿ 5 ಸಾವಿರಕ್ಕೂ ಜಾಸ್ತಿ ಮಕ್ಕಳು. ಇಂಥ ಹೊತ್ತಿನಲ್ಲಿ ಮನೆ ಇಲ್ಲದ ಸಿಟ್ಟು ಯಾರ ಮೇಲೆ ತಿರುಗುತ್ತದೆ ಅಂತ ನಿಮಗೆ ಗೊತ್ತು. ಆ ವರ್ಷ ಬೇಸಿಗೆಯಲ್ಲಿ ಡಬ್ಲಿನ್ನಿನ ಟಾಲಾದಲ್ಲಿ ಒಬ್ಬ ಭಾರತೀಯನನ್ನು ಹೊಡೆದ ಮೇಲೆ ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯಿಂದ ಇರಿ ಅಂತ ಪ್ರಕಟಣೆ ಹೊರಡಿಸಿತು. ಆ ವಾರ ರಾತ್ರಿ ಪಾಳಿಗೆ ಹೋಗುವಾಗ ಸಮವಸ್ತ್ರದ ಮೇಲೆ ಜಾಕೆಟ್ ಹಾಕದೆ ಹೋದೆ. ನರ್ಸ್ ಅಂತ ಕಾಣಲಿ, ಸುಮ್ನೆ ಬಿಡಲಿ ಅಂತ. ಚಳಿ ಆಯಿತು, ಬೇರೇನೂ ಆಗಲಿಲ್ಲ.

ಮೂರನೇ ಗುಂಪು, ವಿದೇಶಾಂಗ. ಮೊದಲು ಟ್ರಾಲಿ ನೋಡಿ, ಆಮೇಲೆ ಗಾಜಾ ನೋಡಿ ಅಂತ ನಿಮ್ಮನ್ನು ಆಡಿಕೊಳ್ಳುವವರಿದ್ದಾರೆ. ನಾನು ಆ ಕಡೆಯವಳಲ್ಲ. 2024ರ ಮೇ 28ರಂದು ನಾರ್ವೆ, ಸ್ಪೇನ್ ಜೊತೆ ಐರ್ಲೆಂಡ್ ಪ್ಯಾಲೆಸ್ಟೈನನ್ನು ಮಾನ್ಯ ಮಾಡಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಆದರೆ ಆಕ್ರಮಿತ ಪ್ರದೇಶಗಳಲ್ಲಿ ಅಕ್ರಮವಾಗಿ ಕಟ್ಟಿದ ವಸಾಹತುಗಳ ಸರಕನ್ನು ತಡೆಯುವ ಮಸೂದೆಯನ್ನು ಸೆನೆಟರ್ ಫ್ರಾನ್ಸಿಸ್ ಬ್ಲ್ಯಾಕ್ ತಂದಿದ್ದು 2018ರಲ್ಲಿ. ಕಾನೂನು ಸಲಹೆ, ಯುರೋಪಿನ ನಿಯಮ, ಮತ್ತೆ ಪರಿಶೀಲನೆ ಅಂತ ಅದು ಎಷ್ಟು ವರ್ಷ ಎಳೆಯಿತು ಅಂತ ನಿಮಗೇ ಗೊತ್ತು. ಶಾನನ್ ವಿಮಾನ ನಿಲ್ದಾಣದ ಪ್ರಶ್ನೆಯೂ ಹಾಗೇ. ಅಲ್ಲಿ ಇಳಿಯುವ ವಿದೇಶಿ ಮಿಲಿಟರಿ ವಿಮಾನದಲ್ಲಿ ಶಸ್ತ್ರ ಇರಬಾರದು ಅನ್ನೋದು ಷರತ್ತು. ಒಳಗೆ ಹೋಗಿ ನೋಡಿದ್ದೀರಾ ಅಂದರೆ, ಆ ದೇಶದವರೇ ಖಾತ್ರಿ ಕೊಟ್ಟಿದ್ದಾರೆ ಅಂತ ಉತ್ತರ. ನಮ್ಮಲ್ಲಿ ರೋಗಿಯೇ 'ನನಗೆ ಜ್ವರ ಇಲ್ಲ' ಅಂದರೂ ಥರ್ಮಾಮೀಟರ್ ಇಡುತ್ತೇವೆ.

ಈಗ ದೂರು. ಇದು ನಿಮ್ಮ ಮೇಲೆ, ಮೇಡಂ. ನೀವು ತುಂಬಾ ಪ್ರಶ್ನೆ ಕೇಳುತ್ತೀರಿ, ಕೇಳಿದ ಪ್ರಶ್ನೆಗೆ ವಾಪಸ್ ಹೋಗುವುದು ಕಮ್ಮಿ. ಎಚ್‌ಎಸ್‌ಇ ಕಾಗದ ನಿಮ್ಮ ಕಚೇರಿಗೆ ಬರುವ ಹೊತ್ತಿಗೆ ಸದನ ಬೇರೆ ಗಲಾಟೆಗೆ ಹೊರಳಿರುತ್ತದೆ, ನೀವೂ ಹೊರಳಿರುತ್ತೀರಿ. 2017ರಲ್ಲಿ ಆಗಿನ ಆರೋಗ್ಯ ಮಂತ್ರಿ ಸೈಮನ್ ಹ್ಯಾರಿಸ್, ವರ್ಷದ ಕೊನೆಗೆ ಬೆನ್ನುಮೂಳೆ ವಕ್ರವಾದ ಯಾವ ಮಗುವೂ ಆಪರೇಷನ್‌ಗೆ ನಾಲ್ಕು ತಿಂಗಳಿಗಿಂತ ಜಾಸ್ತಿ ಕಾಯುವುದಿಲ್ಲ ಅಂತ ಮಾತು ಕೊಟ್ಟರು. ಮಕ್ಕಳು ಕಾಯುತ್ತಲೇ ಇದ್ದರು. ಅವರು ಮುಂದೆ ಪ್ರಧಾನಿಯಾದರು, ವಿದೇಶಾಂಗ ಮಂತ್ರಿಯಾದರು. ಖಾತೆ ಬದಲಾದರೆ ಕೊಟ್ಟ ಮಾತು ಹಳೇ ಕುರ್ಚಿಯಲ್ಲೇ ಉಳಿದುಬಿಡುತ್ತದಾ? ಅದನ್ನು ನೆನಪಿಸುವವರು ನೀವೇ ಅಲ್ವಾ?

ಉತ್ತರ ತಡವಾದರೆ ಏನಾಗುತ್ತದೆ ಅಂತ ಹೇಳಲು ನಮಗೆ, ಕನ್ನಡದವರಿಗೆ, ಒಂದು ಹೆಸರು ಸಾಕು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತ ಕಾನೂನುಬದ್ಧ ಅಂತ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1992ರಲ್ಲಿ. ಅದಕ್ಕೆ ತಕ್ಕ ಕಾನೂನನ್ನು ಯಾರೂ ಬರೆಯಲಿಲ್ಲ. 2012ರ ಏಪ್ರಿಲ್‌ನಲ್ಲಿ ಟಿಡಿ ಕ್ಲೇರ್ ಡೇಲಿ ಮತ್ತು ಜೊತೆಯವರು ಮಸೂದೆ ತಂದರು. ತಜ್ಞರ ಸಮಿತಿ ಇದೆ, ವರದಿ ಬರಲಿ ಅಂತ ಸರ್ಕಾರ ಅಂದಿತು. ಮಸೂದೆ ಬಿದ್ದುಹೋಯಿತು. ಅಕ್ಟೋಬರ್ 28ಕ್ಕೆ ಗಾಲ್ವೇಯ ಆಸ್ಪತ್ರೆಯಲ್ಲಿ, ಗರ್ಭಪಾತ ಮಾಡಿ ಅಂತ ಕೇಳಿದರೂ ಒಪ್ಪದೆ ಇದ್ದಾಗ, ಬೆಳಗಾವಿಯ ಸವಿತಾ ಹಾಲಪ್ಪನವರ ತೀರಿಕೊಂಡರು. ಅವರಿಗೆ 31 ವರ್ಷ. ಕಾನೂನು ಬಂದಿದ್ದು 2013ರಲ್ಲಿ. ಗರ್ಭಪಾತಕ್ಕೆ ಅಡ್ಡವಾಗಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ಜನ 66.4 ಶೇಕಡಾ ಮತ ಹಾಕಿ ಕಿತ್ತುಹಾಕಿದ್ದು 2018ರ ಮೇ 25ರಂದು. ಆಗ ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಸವಿತಾ ಅವರ ಮುಖ, ಅದರ ಸುತ್ತ ಚೀಟಿ ಅಂಟಿಸುತ್ತಿದ್ದ ಜನ, ಮೊಬೈಲಿನಲ್ಲಿ ನೋಡಿದ್ದು ನೆನಪಿದೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಹೊಸ ಪ್ರಶ್ನೆ ಕಮ್ಮಿ ಮಾಡಿ. ಹಳೇ ಹತ್ತು ಪ್ರಶ್ನೆ ಆರಿಸಿಕೊಳ್ಳಿ. ಪ್ರತಿ ಮೂರು ತಿಂಗಳಿಗೊಮ್ಮೆ ಅವನ್ನೇ ಕೇಳಿ, ಅದೇ ಮಾತಿನಲ್ಲಿ. ಹಿಂದಿನ ಸಲ ಏನಂದರು ಅಂತ ಪಕ್ಕದಲ್ಲಿಟ್ಟು ಓದಿ. 'ಶೀಘ್ರದಲ್ಲಿ' ಅಂದರೆ ತಾರೀಖು ಕೇಳಿ. ಎಚ್‌ಎಸ್‌ಇ ಬರೆದ ಕಾಗದವನ್ನು ಸದನಕ್ಕೇ ತಂದು ಮಂತ್ರಿಯ ಮುಂದೆ ಓದಿ. ಕೇರರ್‌ಗಳ ಬಾಡಿಗೆ ವಿಷಯವನ್ನು ಆರೋಗ್ಯ ಮಂತ್ರಿಗೆ ಕೇಳಿ. ಅದು ನನ್ನ ಖಾತೆಯಲ್ಲ ಅನ್ನುತ್ತಾರೆ. ಅನ್ನಲಿ, ಅದೂ ದಾಖಲೆಯಲ್ಲಿ ಇರಲಿ.

ನನ್ನ ಹತ್ತು ಪ್ರಶ್ನೆಗಳ ಪಟ್ಟಿ ತಯಾರಿದೆ, ಡ್ಯೂಟಿ ಚಾರ್ಟಿನ ಹಿಂಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಈ ಶನಿವಾರ ಎಂಟಕ್ಕೆ ಪಾಳಿ ಮುಗಿಯುತ್ತದೆ. ನಿಮ್ಮ ಕ್ಲಿನಿಕ್ ಹತ್ತಕ್ಕೆ ತಾನೇ? ನೇರ ಅಲ್ಲಿಗೇ ಬರುತ್ತೇನೆ. ನಿದ್ದೆ ತೂಗಿದರೆ ಒಂದು ಟೀ ಕೊಡಿಸಿ.

ಇಂತಿ,
ನಿಮ್ಮ ಕ್ಷೇತ್ರದ, ವೋಟಿಲ್ಲದ ಒಬ್ಬ ನರ್ಸ್