ನಾನು ಕೇಳಿದ್ದು ಡೆಮೋ ರೆಕಾರ್ಡ್, ನೀವು ಕಳಿಸಿದ್ದು ಬೇರೆ

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು

ವಿಷಯ: ತಪ್ಪು ಎಲ್‌ಪಿ (ಗ್ರಾಮಫೋನ್ ರೆಕಾರ್ಡ್) ಕಳಿಸಿ, ವಾಪಸ್ ತೆಗೆದುಕೊಳ್ಳಲು ನಿರಾಕರಿಸಿದ ಬಗ್ಗೆ

ಮಾನ್ಯರೇ,

ನವೆಂಬರ್ 4ರಂದು ನಿಮ್ಮ ಆನ್‌ಲೈನ್ ಅಂಗಡಿಯಲ್ಲಿ ಅಮೆರಿಕದ ಗಾಯಕ, ಗೀತರಚನೆಕಾರ ಕ್ರಿಸ್ ಕ್ರಿಸ್ಟಾಫರ್ಸನ್ ಅವರ ‘ಪ್ಲೀಸ್ ಡೋಂಟ್ ಟೆಲ್ ಮಿ ಹೌ ದ ಸ್ಟೋರಿ ಎಂಡ್ಸ್’ ಎಲ್‌ಪಿಗೆ 4,850 ರೂಪಾಯಿ ಕಟ್ಟಿದೆ. ಇದು ಅವರು 1968ರಿಂದ 72ರ ನಡುವೆ ಮಾಡಿದ ಡೆಮೋಗಳ ಸಂಗ್ರಹ. 2010ರಲ್ಲಿ ಹೊರಬಂತು. 11ನೇ ತಾರೀಕು ಪಾರ್ಸೆಲ್ ಬಂತು. ಒಳಗಿದ್ದದ್ದು ಅವರ 1970ರ ಮೊದಲ ಆಲ್ಬಮ್.

ಮರುದಿನವೇ ದೂರು ಕೊಟ್ಟೆ. 7 ದಿನದೊಳಗೆ ಹೇಳಿದರೆ ಬದಲಿಸಿ ಕೊಡುವ ನಿಯಮ ನಿಮ್ಮದೇ, ನಾನು ಅದನ್ನು ನಿಮಗೆ ಓದಿ ಹೇಳಬೇಕಾಗಿಲ್ಲ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಸಮಾಧಾನದಿಂದಲೇ ಮಾತಾಡಿದೆ. ಮೂರನೆಯ ಸಲ ಏನಾಯಿತು ಎಂಬುದನ್ನು ಪೂರ್ತಿ ಬರೆಯುತ್ತೇನೆ. ನೀವೂ ಪೂರ್ತಿ ಓದಬೇಕು.

ಇಪ್ಪತ್ತು ನಿಮಿಷ ಕಾದ ಮೇಲೆ ನಿಮ್ಮ ಸಿಬ್ಬಂದಿ ಸಿಕ್ಕರು.

“ಸರ್, ಅದೇ ಸಿಂಗರ್ ಅಲ್ವಾ?”

“ಹೌದು.”

“ಬಾಬಿ ಮೆಗೀ ಹಾಡು ಅದರಲ್ಲೂ ಇದೆ, ಇದರಲ್ಲೂ ಇದೆ. ಡೆಮೋ ಅಂದ್ರೆ ಸ್ಯಾಂಪಲ್ ಸರ್. ನಿಮಗೆ ಒರಿಜಿನಲ್ಲೇ ಬಂದಿದೆ. ಅದಕ್ಕಿಂತ ಚೆನ್ನಾಗಿರೋದೇ ಬಂದಿದೆಯಲ್ಲ?”

ನಾನು ಬಿಡಿಸಿ ಹೇಳಿದೆ. ಕ್ರಿಸ್ಟಾಫರ್ಸನ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು, ಹೆಲಿಕಾಪ್ಟರ್ ಓಡಿಸುತ್ತಿದ್ದವರು. ಅದನ್ನೆಲ್ಲ ಬಿಟ್ಟು ಹಾಡು ಬರೆಯಲು ಅಮೆರಿಕದ ಸಂಗೀತ ನಗರಿ ನ್ಯಾಶ್‌ವಿಲ್‌ಗೆ ಹೋದರು. ಅಲ್ಲಿ ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸಿದರು. ಹಾಡು ಬರೆದವರು ಅದನ್ನು ತಾವೇ ಹಾಡಿ, ಕಡಿಮೆ ಖರ್ಚಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಸಂಗೀತ ಪ್ರಕಾಶಕರು ಆ ಟೇಪನ್ನು ಹೆಸರಿದ್ದ ಗಾಯಕರಿಗೆ ಕೇಳಿಸುತ್ತಿದ್ದರು, ಯಾರಾದರೂ ಹಾಡಲಿ ಎಂದು. ಅದು ಡೆಮೋ. ಕ್ರಿಸ್ಟಾಫರ್ಸನ್ ಬರೆದ ಬಾಬಿ ಮೆಗೀ ಹಾಡನ್ನು ಗಾಯಕಿ ಜಾನಿಸ್ ಜೋಪ್ಲಿನ್ ಹಾಡಿದ ಮೇಲೆ ಅದು 1971ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನನಗೆ ಬೇಕಿದ್ದದ್ದು ಅದನ್ನು ಬರೆದವರ ಡೆಮೋ, ಆ ಒರಟು ದನಿ. 1970ರ ಆಲ್ಬಮ್ ನನ್ನ ಬಳಿ ಆಗಲೇ ಇದೆ.

“ಒಂದ್ನಿಮಿಷ ಸರ್” ಎಂದರು. ಸೂಪರ್‌ವೈಸರ್ ಬಂದರು.

“ಡೆಮೋ ಪೀಸ್‌ಗೆ ರಿಟರ್ನ್ ಇಲ್ಲ ಸರ್. ಪಾಲಿಸಿ.”

“ಡೆಮೋ ಬಂದೇ ಇಲ್ಲವಲ್ಲ. ಈಗಷ್ಟೇ ನಿಮ್ಮವರೇ ಒರಿಜಿನಲ್ ಅಂದರು.”

“ಆರ್ಡರ್‌ನಲ್ಲಿ ಡೆಮೋ ಅಂತ ಇದೆ ಸರ್.”

ಷೋರೂಮಿನಲ್ಲಿ ಇಟ್ಟ ಡೆಮೋ ಟಿವಿ, ಡೆಮೋ ಮಿಕ್ಸಿಗೆ ಮಾಡಿದ ನಿಯಮವನ್ನು ನನ್ನ ಎಲ್‌ಪಿಗೆ ಅಂಟಿಸಿದರು. ಕಳಿಸುವಾಗ ಅದು ಡೆಮೋ ಅಲ್ಲ, ವಾಪಸ್ ಕೇಳಿದರೆ ಮಾತ್ರ ಡೆಮೋ! ಇಷ್ಟಾದ ಮೇಲೆ ಅವರು ಫೋನಿನ ಆ ಕಡೆ ಯಾರಿಗೋ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಯಾರೋ ಅಂಕಲ್, ಹಳೇ ಹಾಡಿಗೆ ಗಲಾಟೆ ಮಾಡ್ತಿದಾರೆ.” ಇಬ್ಬರು ನಕ್ಕರು.

ಸ್ಪೀಕರ್ ಆನ್ ಇತ್ತು. ಪಕ್ಕದಲ್ಲಿ ನನ್ನ ಅಣ್ಣ ಕೂತಿದ್ದ.

ಆ ರೆಕಾರ್ಡ್ ಅವನ ಅರವತ್ತನೇ ಹುಟ್ಟುಹಬ್ಬಕ್ಕೆ ತರಿಸಿದ್ದು. ಅಣ್ಣ ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು, ರಾತ್ರಿ ಹಾಡು ಬರೆಯುತ್ತಿದ್ದ. ಅಡುಗೆಮನೆ ಬಾಗಿಲು ಹಾಕಿಕೊಂಡು, ಟೇಪ್ ರೆಕಾರ್ಡರ್ ಮುಂದೆ ತಾನೇ ಹಾಡಿ, ಕ್ಯಾಸೆಟ್‌ಗಳನ್ನು ಬೆಂಗಳೂರಿಗೆ ಕಳಿಸುತ್ತಿದ್ದ. ಹತ್ತು ವರ್ಷ ಕಳಿಸಿದ. ಒಂದಕ್ಕೂ ಉತ್ತರ ಬರಲಿಲ್ಲ. ಡೆಮೋ ಅಂದರೆ ಏನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ನಗು ಕೇಳಿ “ಬಿಡೋ, ಸುಮ್ನೆ ಯಾಕೆ” ಎಂದು ಎದ್ದು ಹೋದ.

ಬಿಡಬಹುದಿತ್ತೇನೋ. ಆದರೆ ನಿನ್ನೆ ನಿಮ್ಮಿಂದ ಮೆಸೇಜ್ ಬಂತು: ‘ನಿಮ್ಮ ದೂರು ಪರಿಹಾರವಾಗಿದೆ.’ ಏನು ಪರಿಹಾರವಾಯಿತು, ಹೇಳಿ ನೋಡೋಣ.

ನೀವು ಜಾಹೀರಾತಿನಲ್ಲಿ ತೋರಿಸಿದ್ದೇ ಒಂದು, ಕಳಿಸಿದ್ದೇ ಒಂದು ಆದಾಗ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಅದು ಇದೆ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂದೂ ಇದೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ಡಿಸೆಂಬರ್ 15ರೊಳಗೆ ಸರಿಯಾದ ಎಲ್‌ಪಿ ಕಳಿಸಿ, ಇಲ್ಲ ಪೂರ್ತಿ ಹಣ ಕೊಡಿ. ಅದರ ಜೊತೆಗೆ ನಮ್ಮಣ್ಣನಿಗೆ ಲಿಖಿತ ಕ್ಷಮೆ ಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ನಾನಿರುವ ಊರಿನಲ್ಲೇ ಕೇಸು ಹಾಕಬಹುದು. ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ನಿಜ ಹೇಳಬೇಕೆಂದರೆ, ನೀವು ಹಣ ಕೊಟ್ಟರೂ ಹೋಗಬೇಕು ಅನ್ನಿಸುತ್ತಿದೆ.

‘ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ’ ಎಂದು ನಿಮ್ಮ ಫೋನೇ ಹೇಳಿತ್ತು. ಅದನ್ನು ಅಳಿಸಬೇಡಿ. ಆ ನಗುವನ್ನು ಆಯೋಗದ ಮುಂದೆ ಕೇಳಿಸಬೇಕು ಎಂದು ನಾನು ಅರ್ಜಿ ಕೊಡುವವನಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ, ಮೈಸೂರು