ಇವತ್ತಿನ ಪ್ರೋಗ್ರಾಂ ಇವತ್ತೇ ಹಾಕಿದ್ರೆ ಹೋಗೋದು ಯಾವಾಗ ಸ್ವಾಮಿ?

ಸಂಪಾದಕರಿಗೆ ನಮಸ್ಕಾರ,

ನಾನು ಟಿ. ದಾಸರಹಳ್ಳಿ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿರೋನು. ಇಪ್ಪತ್ತೈದು ವರ್ಷದಿಂದ ಫ್ಯಾನು, ಮಿಕ್ಸಿ, ಬೋರ್‌ವೆಲ್ ಮೋಟರು ಅಂತ ಸುತ್ತಿ ಸುತ್ತಿ ಬೆರಳೆಲ್ಲಾ ವಾರ್ನಿಶ್ ಬಣ್ಣಕ್ಕೆ ತಿರುಗಿದೆ. ನಿಮ್ಮ ಪೇಪರ್ ಹುಡುಗ ಬೆಳಗ್ಗೆ ಶಟರ್ ಸಂದೀಲಿ ತೂರಿಸಿ ಹೋಗ್ತಾನೆ, ನಾನು ಒಂಬತ್ತೂವರೆಗೆ ಅಂಗಡಿ ತೆಗೆದು ಟೀ ತರಿಸ್ಕೊಂಡು ಓದೋಕೆ ಕೂರ್ತೀನಿ. ಮೊದಲು ನೋಡೋದು ರಾಜಕೀಯ ಅಲ್ಲ, ಒಳಗಡೆ ಪೇಜಲ್ಲಿ ಮೂಲೇಲಿ ಚಿಕ್ಕ ಅಕ್ಷರದಲ್ಲಿ 'ಇಂದಿನ ಕಾರ್ಯಕ್ರಮ' ಅಂತ ಬರುತ್ತಲ್ಲ, ಅದು. ನನ್ನ ತಕರಾರು ಇರೋದೂ ಅದರ ಮೇಲೇನೇ.

ಕೆಲವು ತಿಂಗಳ ಹಿಂದೆ ಒಂದು ಶನಿವಾರ ಆ ಕಾಲಂನಲ್ಲಿ ಎರಡು ಸಾಲು ಇತ್ತು. ಮಕ್ಕಳಿಗೆ ಎಲೆಕ್ಟ್ರಿಕ್ ಮೋಟರ್ ಮಾಡೋದು ಹೇಳಿಕೊಡೋ ವರ್ಕ್‌ಶಾಪ್, ಪ್ರವೇಶ ಉಚಿತ, ಬೆಳಿಗ್ಗೆ 10ಕ್ಕೆ. ಈಗ ಊರಲ್ಲಿ ಶುರುವಾಗಿವೆಯಲ್ಲ, ಕಲೆ ವಿಜ್ಞಾನ ತಂತ್ರಜ್ಞಾನ ಎಲ್ಲಾ ಒಂದೇ ಸೂರಿನಡಿ ಅನ್ನೋ ಸೆಂಟರ್‌ಗಳು, ಅಂಥದ್ದೊಂದು. ಹೆಸರು ಬೇಡ. ನಾನು ಓದಿದ್ದು ಒಂಬತ್ತೂ ಮುಕ್ಕಾಲಿಗೆ! ನನ್ನ ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ, ಸರ್ಕಾರಿ ಶಾಲೆ. ಅಪ್ಪ ಮೋಟರ್ ಸುತ್ತೋನು, ಮಗಳಿಗೆ ಮೋಟರ್ ವರ್ಕ್‌ಶಾಪ್, ಬಿಡೋಕಾಗುತ್ತಾ? ಪಕ್ಕದಂಗಡಿಯವರಿಗೆ ನೋಡ್ಕೊಳ್ಳಿ ಅಂತ ಹೇಳಿ ಮನೆಗೆ ಓಡಿ ಅವಳನ್ನ ಎಬ್ಬಿಸಿ, ತಲೆ ಬಾಚೋಕೂ ಬಿಡದೆ ಕರ್ಕೊಂಡು ಗೊರಗುಂಟೆಪಾಳ್ಯದಲ್ಲಿ ಬಸ್ ಬದಲಾಯಿಸಿ ಆ ಟ್ರಾಫಿಕ್ಕಲ್ಲಿ ಅಲ್ಲಿಗೆ ಮುಟ್ಟೋ ಹೊತ್ತಿಗೆ ಹನ್ನೊಂದೂ ಕಾಲು. ಬಾಗಿಲಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳೇ, 'ಅಂಕಲ್ ಸೀಟ್ ಎಲ್ಲಾ ಹತ್ತು ದಿನ ಮುಂಚೇನೇ ಫುಲ್ ಆಗಿದೆ, ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ವಲ್ಲ' ಅಂದ್ಲು. ಗೋಡೆ ಮೇಲೆ ಒಂದು ಕ್ಯೂಆರ್ ಕೋಡ್ ತೋರಿಸಿ ಮುಂದಿನ ಸಲಕ್ಕೆ ಇದನ್ನ ಸ್ಕ್ಯಾನ್ ಮಾಡಿ ಅಂದ್ಲು. ಮಾಡಿದೆ. ಫಾರಂ ಪೂರ್ತಿ ಇಂಗ್ಲಿಷು. ಕೊನೇಲಿ ಒಂದು ಪ್ರಶ್ನೆ, ಈ ವರ್ಕ್‌ಶಾಪ್ ನಿಮಗೆ ಯಾಕೆ ಬೇಕು, 100 ಪದದಲ್ಲಿ ಬರೀರಿ. ಪಾಸ್‌ಪೋರ್ಟ್ ಅರ್ಜೀಲೂ ಇಷ್ಟು ಕೇಳಲ್ಲ ಮಾರಾಯ್ರೇ.

ಗಾಜಿನಾಚೆ ನಿಂತು ಒಂದೈದು ನಿಮಿಷ ನೋಡಿದ್ವಿ. ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಮ್ಯಾಗ್ನೆಟ್ಟು, ಎನಾಮಲ್ ಅಂದ್ರೆ ಕರೆಂಟ್ ದಾಟದ ಲೇಪ ಹಚ್ಚಿದ ತಾಮ್ರದ ತಂತಿ ಉಂಗುರದ ಥರ ಸುತ್ತಿದ್ದು. ಮೂರ್ನಾಲ್ಕು ಮಕ್ಕಳದ್ದು ತಿರುಗ್ತಾನೇ ಇರ್ಲಿಲ್ಲ, ಸುಮ್ನೆ ಅಲ್ಲಾಡಿ ನಿಂತು ಹೋಗ್ತಿತ್ತು. ನನಗೆ ಆಚೆಯಿಂದಲೇ ಗೊತ್ತಾಯ್ತು, ತಂತಿಯ ಎರಡೂ ತುದಿ ಪೂರ್ತಿ ಕೆರೆದುಬಿಟ್ಟಿದ್ದಾರೆ ಅಂತ. ಒಂದು ತುದಿ ಪೂರ್ತಿ ಕೆರೀಬೇಕು, ಇನ್ನೊಂದು ತುದಿ ಅರ್ಧ ಸುತ್ತು ಮಾತ್ರ, ಉಳಿದರ್ಧದಲ್ಲಿ ಎನಾಮಲ್ ಹಾಗೇ ಇರ್ಬೇಕು. ಯಾಕಂದ್ರೆ ಸುರುಳಿ ಅರ್ಧ ಸುತ್ತು ಕರೆಂಟಲ್ಲಿ ತಿರುಗುತ್ತೆ, ಮಿಕ್ಕ ಅರ್ಧ ಅದೇ ವೇಗದಲ್ಲಿ ತೇಲಿಕೊಂಡು ಬರಬೇಕು. ಆಗಲೂ ಕರೆಂಟ್ ಹರೀತು ಅಂದ್ರೆ ಮ್ಯಾಗ್ನೆಟ್ ವಾಪಸ್ ಎಳೆಯುತ್ತೆ, ತೊಟ್ಟಿಲ ಥರ ಆಡುತ್ತೆ ಅಷ್ಟೇ. ಬ್ರಷ್ ಇರೋ ಮೋಟರಲ್ಲಿ ಸುರುಳಿಯ ಕರೆಂಟನ್ನ ಸರಿಯಾದ ಹೊತ್ತಿಗೆ ಬದಲಾಯಿಸೋಕೇ ಕಾಮ್ಯುಟೇಟರು ಅನ್ನೋ ತಾಮ್ರದ ಪಟ್ಟಿಗಳ ಉಂಗುರ, ಅದಕ್ಕೆ ಒರೆಸಿಕೊಂಡಿರೋ ಕಾರ್ಬನ್ ಬ್ರಷ್ ಇರೋದು. ಮಿಕ್ಸಿಯಲ್ಲಿ ಬ್ರಷ್ ಸವೆದಾಗ ನೀಲಿ ಕಿಡಿ ಹಾರುತ್ತಲ್ಲ, ಅದೇ ಜಾಗ. ಇದನ್ನ ಒಳಗೆ ಹೋಗಿ ಹೇಳಿಕೊಡ್ಲಾ ಅಂತ ನಾಲಿಗೆ ತುದಿವರೆಗೂ ಬಂತು, ಚಪ್ಪಲಿ ನೋಡ್ಕೊಂಡು ಸುಮ್ಮನಾದೆ. ರಾತ್ರಿ ಮನೇಲಿ ಅಂಗಡಿ ತಂತೀಲೇ ಮಾಡಿ ತೋರಿಸ್ದೆ, ಅವಳು ಮೊದಲನೇ ಸಲ 'ಅಪ್ಪಾ ನೀನು ಮಾಡೋದು ಸೈನ್ಸಾ?' ಅಂತ ಕೇಳಿದ್ಲು. ಅದು ಬೇರೆ ವಿಷಯ ಬಿಡಿ.

ಆ ಸೆಂಟರಿನವರನ್ನ ಬೈಯೋಕೆ ಈ ಪತ್ರ ಅಲ್ಲ. ಇಂಥ ಜಾಗಗಳು ನಮಗೆ ಬೇಕು. ಹೆಬ್ಬಾಳದ ಹತ್ರ ಬಳ್ಳಾರಿ ರೋಡಲ್ಲಿ ಸೈನ್ಸ್ ಗ್ಯಾಲರಿ ಬೆಂಗಳೂರು ಅಂತ 2024ರ ಜನವರೀಲಿ ಬಾಗಿಲು ತೆರೀತು, 'ಕಾರ್ಬನ್' ಅನ್ನೋ ಎಕ್ಸಿಬಿಷನ್ ಇಟ್ಟಿದ್ರು, ಟಿಕೆಟ್ ಇಲ್ಲ. ಆಮೇಲೆ 'ಸೈ 560' ಅಂತ ಬೆಂಗಳೂರಿನ ವಿಜ್ಞಾನದ ಕಥೇನೇ ಇಟ್ರು, 560 ಅಂದ್ರೆ ನಮ್ಮ ಪಿನ್‌ಕೋಡ್ ಶುರುವಾಗೋ ನಂಬರು. ಮಗಳನ್ನ ಕರ್ಕೊಂಡು ಹೋಗಿದ್ದೆ. ಅಲ್ಲಿ ವಿವರಿಸೋಕೆ ಅಂತಲೇ ಹುಡುಗ ಹುಡುಗೀರು ನಿಂತಿರ್ತಾರೆ, ಕನ್ನಡದಲ್ಲಿ ಕೇಳಿದ್ರೆ ಕನ್ನಡದಲ್ಲೇ ಹೇಳಿದ್ರು. ಕಸ್ತೂರಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂತೂ 1965ರಿಂದ ಇದೆ, ಅಲ್ಲಿ ಇಂಜಿನ್ನು ಮೋಟರು ಇರೋ ಹಾಲ್‌ನಲ್ಲಿ ನಾನು ಮಗಳಿಗಿಂತ ಜಾಸ್ತಿ ಹೊತ್ತು ನಿಲ್ತೀನಿ, ಅವಳು ಹೊರಗಡೆ ಡೈನೋಸಾರ್ ಹತ್ರ ಹೋಗೋಣ ಅಂತ ಕೈ ಜಗ್ತಾ ಇರ್ತಾಳೆ. ಜಾಗಕ್ಕೇನೂ ಬರ ಇಲ್ಲ. ಅಲ್ಲಿ ಮುಂದಿನ ವಾರ ಏನಿದೆ ಅನ್ನೋದು ನಮ್ಮಂಥೋರಿಗೆ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ಮುಗಿದಿರುತ್ತೆ.

ಮುಂಚೆ ಹೀಗಿರ್ಲಿಲ್ಲ ಅಂತ ನಾನು ಹೇಳ್ತಿರೋದಕ್ಕೆ ಕಾರಣ ಇದೆ. ತೊಂಬತ್ತರ ದಶಕದಲ್ಲಿ ನಾನು ವಿವಿ ಪುರಂನಲ್ಲಿ ಒಂದು ರಿವೈಂಡಿಂಗ್ ಅಂಗಡೀಲಿ ಹೆಲ್ಪರ್ ಆಗಿದ್ದೆ. ನಮ್ಮ ಓನರ್ ಬುಧವಾರ ಬಂತು ಅಂದ್ರೆ ಐದೂವರೆಗೆಲ್ಲಾ ಕೈ ತೊಳೆಯೋರು, ಬಸವನಗುಡಿ ನ್ಯಾಷನಲ್ ಕಾಲೇಜಲ್ಲಿ ಬೆಂಗಳೂರು ಸೈನ್ಸ್ ಫೋರಂ ಲೆಕ್ಚರ್ ಇರುತ್ತೆ ಅಂತ. ಒಂದೆರಡು ಸಲ ನನ್ನೂ ಕರ್ಕೊಂಡು ಹೋಗಿದ್ರು. ಇಂಗ್ಲಿಷ್ ಇದ್ದಾಗ ಅರ್ಧ ತಲೆಗೆ ಹೋಗ್ತಿರ್ಲಿಲ್ಲ, ಫ್ಯಾನ್ ಕೆಳಗೆ ಕೂತ್ಕೊಂಡು ಬೇರಿಂಗ್ ಸೌಂಡ್ ಕೇಳ್ತಿದ್ದೆ. ಆದ್ರೆ ಬಿಳಿ ಖಾದಿ, ಗಾಂಧಿ ಟೋಪಿ ಹಾಕ್ಕೊಂಡು ಎಚ್ಚೆನ್, ಅಂದ್ರೆ ಎಚ್. ನರಸಿಂಹಯ್ಯ ಅವರು ಕೂತಿರ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಗೌರಿಬಿದನೂರು ಕಡೆ ಹೊಸೂರಿನ ಬಡವರ ಮನೆ ಹುಡುಗ, ಓದೋಕೆ ಅಂತ ಬೆಂಗಳೂರಿಗೆ ನಡ್ಕೊಂಡೇ ಬಂದವರು, ಆಮೇಲೆ ಅಮೆರಿಕಾದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್ ಮಾಡಿ ವಾಪಸ್ ಬಂದು ಇಲ್ಲೇ ಮೇಷ್ಟ್ರಾಗಿ ಮುಂದುವರಿದರು. 1962ರಲ್ಲಿ ಶುರು ಮಾಡಿದ್ದು ಆ ಫೋರಂನ. ಇನ್ನೊಂದು ಗಮನಿಸಿ, ಬೆಂಗಳೂರು ಲಲಿತಕಲಾ ಪರಿಷತ್ ಕಟ್ಟಿದ್ದೂ ಅವರೇ. ಕಲೆ ವಿಜ್ಞಾನ ಒಂದೇ ಸೂರಿನಡಿ ಅಂತ ಈಗ ಬ್ಯಾನರ್ ಹಾಕ್ತಾರಲ್ಲ, ಎಚ್ಚೆನ್ ಅದನ್ನ ಬ್ಯಾನರ್ ಇಲ್ಲದೇ ಮಾಡಿದ್ರು. ಅಲ್ಲಿ ರಿಜಿಸ್ಟ್ರೇಷನ್ ಗಿಜಿಸ್ಟ್ರೇಷನ್ ಏನೂ ಕೇಳ್ತಿರ್ಲಿಲ್ಲ. ಬುಧವಾರ ಸಾಯಂಕಾಲ ಅಂದ್ರೆ ಮುಗೀತು, ಎಲ್ಲರಿಗೂ ಗೊತ್ತು, ಖಾಲಿ ಕುರ್ಚಿ ಸಿಕ್ಕಿದ್ರೆ ಕೂತ್ಕೋ.

ನಾನು ಹೇಳ್ತಿರೋದು ಇಷ್ಟೇ, ದಿನ ಗಟ್ಟಿಯಾಗಿದ್ರೆ ಪ್ರಚಾರ ಅರ್ಧ ಆದಂಗೆ. ಕಡಲೆಕಾಯಿ ಪರಿಷೆಗೆ ಯಾರಾದ್ರೂ ಕ್ಯೂಆರ್ ಕೋಡ್ ಹಾಕಿದ್ದು ನೋಡಿದ್ದೀರಾ? ಕಾರ್ತಿಕದ ಕೊನೇ ಸೋಮವಾರ ಅಂದ್ರೆ ಜನ ತಾವಾಗೇ ಬರ್ತಾರೆ. ಕುಮಾರಕೃಪಾ ರೋಡಿನ ಚಿತ್ರಸಂತೇನೂ ಹಾಗೇ, ಹೆಚ್ಚುಕಮ್ಮಿ ಜನವರಿ ಮೊದಲ ಭಾನುವಾರ, ಪೇಂಟಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದ ನಮ್ಮ ಬೀದಿಯೋರೂ ಹೋಗಿ ಜೋಳ ತಿಂದು ಬರ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಐಐಎಸ್‌ಸಿದು ಓಪನ್ ಡೇ ಇದೆಯಲ್ಲ, ವರ್ಷಕ್ಕೊಂದು ದಿನ ಕ್ಯಾಂಪಸ್ ಪೂರ್ತಿ ಸಾರ್ವಜನಿಕರಿಗೆ ಬಿಡೋದು, ಅದು ಫೆಬ್ರವರಿ 28ರ ವಿಜ್ಞಾನ ದಿನದ ಹಿಂದುಮುಂದು ಬರುತ್ತೆ ಅಂತ ಗೊತ್ತು, ಆದ್ರೆ ಸರಿಯಾಗಿ ಯಾವ ಶನಿವಾರ ಅಂತ ನನಗೆ ಗೊತ್ತಾಗೋದು ಮಾರನೇ ದಿನ ಪೇಪರಲ್ಲಿ ಮಕ್ಕಳ ಫೋಟೋ ನೋಡಿದಾಗ.

ಫೋಟೋ ಅಂದಾಗ ನೆನಪಾಯ್ತು. ಏಪ್ರಿಲ್‌ನಲ್ಲಿ ನಿಮ್ಮ ಪೇಪರಲ್ಲೇ ಒಂದು ಫೋಟೋ ಬಂತು, ನೆಟ್ಟಗೆ ನಿಂತ ಬಾಟಲಿಗೆ ನೆರಳೇ ಇಲ್ಲ, ಸುತ್ತ ಮಕ್ಕಳು ಬಗ್ಗಿ ನೋಡ್ತಿದ್ದಾರೆ, ಕೆಳಗೆ 'ನಿನ್ನೆ ಶೂನ್ಯ ನೆರಳಿನ ದಿನ' ಅಂತ. ನಿನ್ನೆ! ಸ್ವಾಮಿ, ಇದು ಮಳೆ ಬರುತ್ತೋ ಇಲ್ವೋ ಅನ್ನೋ ಥರದ ಸುದ್ದಿನಾ? ನಮ್ಮ ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಸೂರ್ಯ ಉತ್ತರಕ್ಕೆ ಹೋಗ್ತಾ ಒಂದು ಸಲ, ವಾಪಸ್ ದಕ್ಷಿಣಕ್ಕೆ ಬರ್ತಾ ಒಂದು ಸಲ ಸರಿಯಾಗಿ ನಮ್ಮ ನೆತ್ತಿ ಮೇಲೆ ಬರ್ತಾನೆ. ಪ್ರತೀ ವರ್ಷ ಏಪ್ರಿಲ್ 24ರ ಆಸುಪಾಸು ಒಂದು, ಆಗಸ್ಟ್ 18ರ ಆಸುಪಾಸು ಇನ್ನೊಂದು. ಏಪ್ರಿಲ್‌ನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹತ್ರ, ಆಗಸ್ಟಲ್ಲಿ 12:23ರ ಹತ್ರ. ಹತ್ತು ವರ್ಷ ಮುಂಚೇನೇ ಕ್ಯಾಲೆಂಡರಲ್ಲಿ ಅಚ್ಚು ಹಾಕಬಹುದು. ಮಂಗಳೂರಿಗೂ ದಿನ ಹೆಚ್ಚುಕಮ್ಮಿ ಅದೇ, ಅವರು ಪಶ್ಚಿಮಕ್ಕಿರೋದ್ರಿಂದ ಹತ್ತು ಹನ್ನೊಂದು ನಿಮಿಷ ಲೇಟು ಅಷ್ಟೇ. ಹುಬ್ಬಳ್ಳಿಗೆ ಮೇ ಮೊದಲ ವಾರ, ಕಲಬುರಗಿಗೆ ಎರಡನೇ ವಾರ. ರಾಹುಕಾಲ ಗುಳಿಕಕಾಲ ದಿನಾ ಹಾಕ್ತೀರಲ್ಲ, ಅದರ ಪಕ್ಕದಲ್ಲಿ ವರ್ಷಕ್ಕೆರಡು ಸಲ ಇದಕ್ಕೊಂದು ಸಾಲು ಜಾಗ ಇಲ್ವಾ?

ಏಪ್ರಿಲ್ ತಪ್ಪಿತಲ್ಲ ಅಂತ ಆಗಸ್ಟ್ 18ಕ್ಕೆ ನಾನೇ ರೆಡಿಯಾದೆ. ಅಂಗಡಿ ಮುಂದೆ ಹಳೇ ಮೋಟರ್ ಶಾಫ್ಟೊಂದನ್ನ ಹಲಗೆ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೆಟ್ಟಗೆ ನಿಲ್ಲಿಸಿದೆ, ಸ್ವಲ್ಪ ವಾಲಿದ್ರೂ ನೆರಳು ಬಿದ್ದುಬಿಡುತ್ತೆ. ಹನ್ನೆರಡೂ ಕಾಲಿನಷ್ಟೊತ್ತಿಗೆ ನೆರಳು ಶಾಫ್ಟಿನ ಬುಡಕ್ಕೆ ಅಂಟ್ಕೊಂಡು ಉಗುರಿನಷ್ಟಾಗಿತ್ತು, ಟೀ ಅಂಗಡಿಯೋರು, ಇಬ್ರು ಆಟೋದೋರು, ಒಬ್ಬ ಡೆಲಿವರಿ ಹುಡುಗ ಎಲ್ಲಾ ಸುತ್ತ ನಿಂತಿದ್ರು. ಒಬ್ಬರು 'ಇದೇನು ಗ್ರಹಣಾನಾ, ಒಳಗೆ ಹೋಗಬೇಕಾ' ಅಂದ್ರು. ಸರಿಯಾಗಿ 12:20ಕ್ಕೆ ಒಂದು ಮೋಡ ಬಂತು ನೋಡಿ, ಶ್ರಾವಣದ ಮೋಡ, ಅಲ್ಲಾಡಲೇ ಇಲ್ಲ. ಒಂದು ಗಂಟೆಗೆ ಬಿಸಿಲು ಬಂದಾಗ ನೆರಳು ಪೂರ್ವಕ್ಕೆ ಹೊರಟಾಗಿತ್ತು, ಆಟೋದೋರೂ ಹೊರಟಿದ್ರು.

ಈಗ ಕೇಳಿಕೊಳ್ಳೋದು. ಸೆಂಟರ್‌ಗಳು ನಿಮಗೆ ಮೇಲ್ ಕಳಿಸೋದೇ ಹಿಂದಿನ ದಿನ ಸಾಯಂಕಾಲ ಇರಬಹುದು, ನಿಮ್ಮ ಕಷ್ಟ ನಿಮಗೆ. ಆದ್ರೂ ಗುರುವಾರ ಅಥವಾ ಶುಕ್ರವಾರ ಅರ್ಧ ಕಾಲಂ 'ಮುಂದಿನ ವಾರ' ಅಂತ ಮಾಡಿ. ಯಾವ ಸೆಂಟರಲ್ಲಿ ಏನು, ಯಾವ ಭಾಷೇಲಿ, ಎಷ್ಟು ವಯಸ್ಸಿನೋರಿಗೆ, ದುಡ್ಡಿದೆಯಾ, ಹೆಸರು ಮುಂಚೆ ಬರೆಸಬೇಕಾ, ಹತ್ತಿರದ ಮೆಟ್ರೋ ಅಥವಾ ಬಸ್‌ಸ್ಟಾಪ್ ಯಾವುದು. ಇದರಲ್ಲಿ ಭಾಷೆ ಯಾವುದು ಅನ್ನೋದು ಬಹಳ ಮುಖ್ಯ, ತಾರಾಲಯದಲ್ಲಿ ಕನ್ನಡ ಶೋ ಇಂಗ್ಲಿಷ್ ಶೋ ಅಂತ ಬೇರೆ ಬೇರೆ ಟೈಮ್ ಹಾಕ್ತಾರಲ್ಲ, ಹಾಗೆ ಹೇಳಿಬಿಟ್ರೆ ಸಾಕು, ಇಂಗ್ಲಿಷ್ ಇದ್ದರೂ ಹೋಗ್ತೀವಿ, ಗೊತ್ತಿದ್ದು ಹೋಗ್ತೀವಿ. ಸೆಂಟರಿನೋರಿಗೂ ಒಂದು ಮಾತು. ಇಪ್ಪತ್ತು ಸೀಟ್ ಇದ್ರೆ ಐದನ್ನ ಆವತ್ತು ಬಾಗಿಲಿಗೆ ಬಂದೋರಿಗೆ ಅಂತ ಇಟ್ಟುಬಿಡಿ. ಆ 100 ಪದದ ಪ್ರಶ್ನೆ ತೆಗೀರಿ, ಇಲ್ಲಾಂದ್ರೆ ಕನ್ನಡದಲ್ಲಿ ಬರೀಬಹುದು ಅಂತಾದ್ರೂ ಹಾಕಿ, ನನ್ನ ಮಗಳು 200 ಪದ ಬರೀತಾಳೆ. ಸಾಧ್ಯ ಆದ್ರೆ ತಿಂಗಳ ಎರಡನೇ ಶನಿವಾರ ಅಂತ ಒಂದು ದಿನ ಕಾಯಂ ಮಾಡಿ, ಆಗ ಪೇಪರಿನೋರು ಮರೆತರೂ ನಾವು ಮರೆಯಲ್ಲ.

ಎರಡು ತುದೀನೂ ಪೂರ್ತಿ ಕೆರೀಬೇಡಿ ಅಂತ ಆ ಮಕ್ಕಳಿಗೆ ಯಾರಾದ್ರೂ ಹೇಳಿದ್ರೋ ಇಲ್ವೋ ಅನ್ನೋದು ಈಗಲೂ ತಲೇಲಿ ಕೊರೀತಿದೆ. ಕರೆದ್ರೆ ಬಂದು ಹೇಳಿಕೊಡ್ತೀನಿ, ತಂತಿ ನಂದೇ ತರ್ತೀನಿ, ಭಾನುವಾರ ಆದ್ರೆ ಒಳ್ಳೇದು.

ಮುಂದಿನ ಏಪ್ರಿಲ್ 24ಕ್ಕೆ ಶಾಫ್ಟು, ಹಲಗೆ ಎತ್ತಿಟ್ಟಿದ್ದೀನಿ. ನೀವು 22ಕ್ಕೇ ಸುದ್ದಿ ಹಾಕಿದ್ರೆ ನಮ್ಮ ರೋಡಲ್ಲಿ ಜನ ಸೇರಿಸೋ ಜವಾಬ್ದಾರಿ ನಂದು.

ಇಂತಿ,
ನಿಮ್ಮ ದಿನದ ಓದುಗ,
ಟಿ. ದಾಸರಹಳ್ಳಿ, ಬೆಂಗಳೂರು