ಹದಿನೆಂಟು ಕಟ್ಟು ಸೊಪ್ಪು

ಯಾರೋ ಬಿಟ್ಟುಹೋಗಿ ಹಸಿದು ಸೊರಗಿದ್ದ ಹೆಣ್ಣು ಕುದುರೆ ಮೈಸೂರಿನ ರಿಂಗ್ ರಸ್ತೆ ಪಕ್ಕದ ಖಾಲಿ ಸೈಟಿನಲ್ಲಿ ನಮಗೆ ಸಿಕ್ಕು ಇವತ್ತಿಗೆ ನೂರನೇ ದಿನ. ಎದೆಯ ಸುತ್ತಳತೆ 135 ಸೆಂಟಿಮೀಟರಿನಿಂದ 147ಕ್ಕೆ ಏರಿದೆ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮೈಯುದ್ದದಿಂದ (ಇವಳದು 125) ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ತೂಕ ಸಿಗುತ್ತದೆ. ಅವತ್ತು 192 ಕೆಜಿ, ಇವತ್ತು 227. ಹೇಳಬೇಕಾಗಿರುವುದು ಋಣದ ಮಾತು.

ಹಗಲು ರಾತ್ರಿ ಎನ್ನದೆ ಬಂದ ಪಶುವೈದ್ಯರಿಗೆ, ಲಾಳ ಕಿತ್ತು ಗೊರಸು ಕೆತ್ತಿದವರಿಗೆ, ನೀರು ತುಂಬಿಸಿಕೊಟ್ಟ ಎದುರುಮನೆಯ ಅಕ್ಕನಿಗೆ, ಭತ್ತದ ಹುಲ್ಲು ತಂದ ಲಗೇಜ್ ಆಟೋದ ಅಣ್ಣನಿಗೆ, ಈಗ ಅವಳನ್ನು ಇಟ್ಟುಕೊಂಡಿರುವ ಪಾಂಡವಪುರದ ಕಡೆಯ ತೋಟದ ಮನೆಯವರಿಗೆ ಕೈ ಮುಗಿಯುತ್ತೇವೆ.

ಇನ್ನು ಟಾಂಗಾ ಸ್ಟ್ಯಾಂಡಿನ ಚಾಚಾ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರು ಬಂದು ಮೊದಲು ಎತ್ತಿ ನೋಡಿದ್ದು ಕಾಲು. ರಾತ್ರಿ ಮೇಯಲು ಬಿಟ್ಟ ಟಾಂಗಾ ಕುದುರೆಯನ್ನೂ ಜನ ದಿಕ್ಕಿಲ್ಲದ್ದು ಅಂದುಕೊಳ್ಳುವುದುಂಟು. ಯಾರದೋ ಅನ್ನದ ದಾರಿಯನ್ನು ಹಿಡಿದುಕೊಂಡು ಹೋದಂತಾಗಬಾರದು ಎಂಬುದು ಅವರ ಕಾಳಜಿ. ಮಾಲೀಕ ಇರುವ ಕುದುರೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸುತ್ತಾರೆ. ಇವಳ ಗೊರಸು ಲಾಳವನ್ನು ದಾಟಿ ನಾಲ್ಕು ಸೆಂಟಿಮೀಟರ್ ಬೆಳೆದಿತ್ತು, ಮೊಳೆಗಳು ಒಳಗೆ ಹೂತುಹೋಗಿದ್ದವು. ಗೊರಸು ಬೆಳೆಯುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್. "ನಾಲ್ಕೈದು ತಿಂಗ್ಳಿಂದ ಇವಳ ಕಾಲು ಯಾರೂ ಮುಟ್ಟಿಲ್ಲ" ಅಂದರು.

ಅಷ್ಟರಲ್ಲಿ ಬೀದಿಯವರು ಕರುಣೆಯಿಂದ ಬೇಯಿಸಿದ ಹುರುಳಿ, ಬ್ರೆಡ್ಡು, ಬಾಳೆಹಣ್ಣು, ಅನ್ನ ಎಲ್ಲ ತಂದಿದ್ದರು. ಚಾಚಾ ಒಂದನ್ನೂ ಬಿಡದೆ ಪಕ್ಕಕ್ಕೆ ತೆಗೆಸಿದರು. "ಈಗ ಹೊಟ್ಟೆ ತುಂಬ್ಸಿದ್ರೆ ನಾಳಿದ್ದು ಗುಂಡಿ ತೋಡ್ಬೇಕಾಯ್ತದೆ."

ವೈದ್ಯರೂ ಅದನ್ನೇ ಬಿಡಿಸಿ ಹೇಳಿದರು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಕುದುರೆ ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಂಡು ಬದುಕಿರುತ್ತದೆ. ಅದಕ್ಕೆ ಒಮ್ಮೆಗೇ ಕಾಳು, ಅನ್ನ ಕೊಟ್ಟರೆ ಇನ್ಸುಲಿನ್ ಏರಿ, ರಕ್ತದಲ್ಲಿ ಅಳಿದುಳಿದ ಫಾಸ್ಫರಸ್, ಮೆಗ್ನೀಷಿಯಂ, ಪೊಟ್ಯಾಸಿಯಂ ಜೀವಕೋಶಗಳ ಒಳಕ್ಕೆ ಸೇರಿಬಿಡುತ್ತವೆ. ಆಮೇಲೆ ಹೃದಯ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಸಾವು ಬರುವುದು ಸಾಮಾನ್ಯವಾಗಿ ತಿನ್ನಿಸಲು ಶುರು ಮಾಡಿದ ಮೂರರಿಂದ ಐದನೇ ದಿನದೊಳಗೆ, ಇನ್ನೇನು ಚೇತರಿಸಿಕೊಂಡಿತು ಎನ್ನುವಾಗ.

ಇಂಥ ಕುದುರೆಗೆ ಒಗ್ಗುವುದು ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಪಿಷ್ಟ ಕಡಿಮೆ, ಪ್ರೋಟೀನು, ಮೆಗ್ನೀಷಿಯಂ, ಫಾಸ್ಫರಸ್ ಇರುತ್ತದೆ. 450 ಕೆಜಿಯ ದೊಡ್ಡ ಕುದುರೆಗೆ ನಾಲ್ಕು ಗಂಟೆಗೊಮ್ಮೆ ಅರ್ಧ ಕೆಜಿಯ ಲೆಕ್ಕ. ಇವಳ ಪಾಲಿಗೆ ಬಂದದ್ದು 200 ಗ್ರಾಂ. ದಿನಕ್ಕೆ ಆರು ಸಲ, ಮೂರು ದಿನ. ಚಾಚಾ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಸೆಣಬಿನ ದಾರದಲ್ಲಿ ಹದಿನೆಂಟು ಕಟ್ಟು ಕಟ್ಟಿ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟರು. ಪಕ್ಕದಲ್ಲೇ ಗೋಣಿತಾಟು ಹಾಸಿಕೊಂಡು ಕೂತರು.

ಮೂರನೇ ರಾತ್ರಿ ಅವಳು ಮಲಗಿದವಳು ಏಳಲಿಲ್ಲ. ನಾಡಿ 68, ಆರೋಗ್ಯವಾಗಿರುವ ಕುದುರೆಗೆ 28ರಿಂದ 44 ಇರಬೇಕು. ಮೈ ತಣ್ಣಗಾಗುತ್ತಿತ್ತು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಕೆಳಗಿನ ಸ್ನಾಯು, ನರ ಜಜ್ಜಿಹೋಗುತ್ತವೆ. ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು, ಒಂದು ಅಡಿ ದಪ್ಪ ಹುಲ್ಲು ಹಾಸಬೇಕಿತ್ತು, ಉಸಿರು ಸಲೀಸಾಗಲು ಎದೆ ನೆಲಕ್ಕೆ ಊರುವಂತೆ ಕೂರಿಸಿ ಎರಡೂ ಕಡೆ ಹುಲ್ಲು ತುಂಬಿದ ಚೀಲ ಒತ್ತರಿಸಬೇಕಿತ್ತು. ಮಗ್ಗುಲಾದಾಗೆಲ್ಲ ಕೆಳಗಿನ ಕಣ್ಣು ಉಜ್ಜದ ಹಾಗೆ ಚಾಚಾ ತಮ್ಮ ಶಾಲು ಮಡಿಸಿ ತಲೆಯಡಿ ಇಟ್ಟರು. ಅವಳು ಕತ್ತು ಚಾಚಿದ್ದು ಗೋಡೆಯ ಮೇಲಿನ ಸೊಪ್ಪಿನ ಕಡೆಗೆ. ಮೂಗಿನ ಹೊಳ್ಳೆ ಅರಳಿಸಿ ಅರಳಿಸಿ ವಾಸನೆ ಹಿಡಿಯುತ್ತಿದ್ದಳು. ಅಲ್ಲಿ ಉಳಿದಿದ್ದದ್ದು ಎರಡೇ ಕಟ್ಟು. ಇನ್ನೊಂದು ಕೊಟ್ಟರೆ ಏನಾಗುತ್ತೆ ಅಂತ ಎಲ್ಲರೂ ಗೋಗರೆದೆವು. ಚಾಚಾ ಹೊತ್ತಿಗೆ ಮುಂಚೆ ಕೊಡಲಿಲ್ಲ. ನಮ್ಮಲ್ಲೇ ಒಬ್ಬರು "ನಿಮಗೆ ಕರುಳು ಅನ್ನೋದಿಲ್ವಾ?" ಅಂತ ಕೂಗಿಬಿಟ್ಟರು.

ಅವರು ತಿರುಗಿ ಮಾತಾಡಲಿಲ್ಲ. ಬೆನ್ನು ತಿರುಗಿಸಿ ಕೂತು ಅವಳ ಕಿವಿಗಳನ್ನು ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡುತ್ತಲೇ ಇದ್ದರು. ಅವರ ಕಣ್ಣಲ್ಲಿ ನೀರಿತ್ತು. ಚಾಚಾ, ಆ ಮಾತಿಗೆ ಇಲ್ಲಿ ಎಲ್ಲರ ಎದುರು ಕ್ಷಮೆ ಕೇಳುತ್ತೇವೆ. ಹಸಿದ ಜೀವದ ಮುಂದೆ ಕೈ ಬಿಗಿಹಿಡಿದು ಕೂರುವುದಕ್ಕೆ ಎಷ್ಟು ಕರುಳು ಬೇಕು ಅಂತ ನಮಗೆ ಅವತ್ತು ಗೊತ್ತಿರಲಿಲ್ಲ.

ಬೆಳಗಿನ ಜಾವ ಅವಳು ಏಳಲು ಹವಣಿಸಿದಾಗ, ದನ ಎಬ್ಬಿಸಿ ರೂಢಿಯಿದ್ದವರು ಹಿಂದಿನಿಂದ ಎತ್ತಲು ಹೋದರು. ದನ ಹಿಂಗಾಲಿನಿಂದ ಏಳುತ್ತದೆ, ಕುದುರೆ ಮುಂಗಾಲು ಚಾಚಿ ಏಳುತ್ತದೆ. ಚಾಚಾ ಎಲ್ಲರನ್ನೂ ಸರಿಸಿ ಮುಂದಿನ ಜಾಗ ಖಾಲಿ ಮಾಡಿಸಿದರು. ಎರಡು ಸಲ ಕುಸಿದಳು. ಮೂರನೆಯ ಸಲ ನಿಂತಳು.

ನಾಲ್ಕನೇ ದಿನದಿಂದ ಸ್ವಲ್ಪ ಸ್ವಲ್ಪ ಏರಿಸಿ, ಆರನೇ ದಿನಕ್ಕೆ ಎಂಟು ಗಂಟೆಗೊಮ್ಮೆ ಮುಕ್ಕಾಲು ಕೆಜಿ. ಹತ್ತು ದಿನ ಕಳೆದ ಮೇಲೆ ತಿನ್ನುವಷ್ಟು ಸೊಪ್ಪು. ಜಂತಿನ ಔಷಧಿ ಕೊಟ್ಟದ್ದು ಮೈ ಸುಧಾರಿಸಿದ ಮೇಲೆ. ಗೊರಸನ್ನೂ ಒಂದೇ ಸಲಕ್ಕೆ ಕೆತ್ತಲಿಲ್ಲ, ಒಮ್ಮೆಗೇ ಕೆತ್ತಿದರೆ ಕಾಲಿನ ಸ್ನಾಯುರಜ್ಜು ಎಳೆಯುತ್ತದೆ. ತೋಟಕ್ಕೆ ಕಳಿಸುವ ಮುಂಚೆ ಗ್ಲಾಂಡರ್ಸ್ ರಕ್ತಪರೀಕ್ಷೆ ಮಾಡಿಸಿದೆವು. ಅದು ಮನುಷ್ಯರಿಗೂ ಅಂಟುವ ರೋಗ, ಫಲಿತಾಂಶ ಬರುವವರೆಗೆ ಬಕೆಟ್ಟು, ಹಗ್ಗ ಎಲ್ಲ ಬೇರೆ ಇಡಬೇಕು.

ಬಿಟ್ಟುಹೋದವರು ಯಾರೆಂದು ತಿಳಿಯಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಆ ದುಡ್ಡನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಾಡಿಗೆ ಸಿಗದ ದಿನವೂ ಕುದುರೆಗೆ ಮೇವು ಬೇಕು, ಕುಂಟುವ ಕುದುರೆಯನ್ನು ಕೊಳ್ಳುವವರಿಲ್ಲ ಎಂದು ಚಾಚಾ ಹೇಳಿದ್ದೂ ನಿಜ. ಆದರೂ ಕತ್ತಲಲ್ಲಿ ಬಿಟ್ಟುಹೋಗುವ ಬದಲು ಸ್ಟ್ಯಾಂಡಿಗೆ ಬಂದು ಒಂದು ಮಾತು ಹೇಳಬಹುದಿತ್ತು.

ತೋಟಕ್ಕೆ ಹೋಗುವವರಲ್ಲಿ ಒಂದು ಬೇಡಿಕೆ: ಆಲೆಮನೆಯಿಂದ ಬೆಲ್ಲ ಒಯ್ಯಬೇಡಿ. ಸಕ್ಕರೆ ಅಂಶ ಜಾಸ್ತಿಯಾದರೆ ಗೊರಸಿನ ಒಳಗೆ ಉರಿಯೂತ ಬರುತ್ತದೆ. ಸೊಪ್ಪು ಒಯ್ಯಿರಿ.

ಚಾಚಾ, ಬರುವ ಭಾನುವಾರ ಅವಳ ಗೊರಸು ಕೆತ್ತುವ ಸರದಿ. ನೀವು ಬಸ್ಸಿಗೆ ಕಾಯಬೇಡಿ. ಬೆಳಿಗ್ಗೆ ಏಳಕ್ಕೆ ಸ್ಟ್ಯಾಂಡಿಗೆ ನಾವೇ ಗಾಡಿ ತರುತ್ತೇವೆ. ನಿಮ್ಮ ಶಾಲು ಒಗೆಸಿ ಇಟ್ಟಿದ್ದೇವೆ.